‘ಯಾವೂರು?’ ಎಂದು ಕೇಳಿದರಷ್ಟೇ ಸಾಕೇ

ಸಿಂಗಪುರದಲ್ಲಿ ಇಬ್ಬರು ಕನ್ನಡಿಗರು ಎದುರಾದರೆ ಮೊದಲ ಪ್ರಶ್ನೆ ಒಂದೇ: ಯಾವೂರು? ಆಮೇಲೆ, ಅಲ್ಲಿ ಯಾರ ಕಡೆಯವರು? ಇಬ್ಬರಿಗೂ ಗೊತ್ತಿರುವ ಒಬ್ಬ ಡಾಕ್ಟರೋ ಮೇಷ್ಟ್ರೋ ಸಿಕ್ಕಿಬಿಟ್ಟರೆ ಮುಗಿಯಿತು, ಎದುರಿಗಿರುವವನು ಅಪ್ಪಟ ಚಿನ್ನ. ಸೆಂಗ್‌ಕಾಂಗ್‌ನ ನಮ್ಮ ಕಾಂಡೋದಲ್ಲಿ ಭಾನುವಾರ ನಡೆಯುವ ಮಕ್ಕಳ ಕನ್ನಡ ತರಗತಿಗೆ ಹೊಸ ಮೇಷ್ಟ್ರು ಸಿಕ್ಕಿದ್ದೂ ಹೀಗೆಯೇ. ಮೈಸೂರಿನವರು, ಬೆಣ್ಣೆಯಂಥ ಮಾತು. ತರಗತಿ ನಡೆಸುವ ಹಿರಿಯರಿಗೆ ಅವರ ಸೋದರಮಾವನ ಪರಿಚಯವಿತ್ತು. ಅಷ್ಟೇ ಪರಿಶೀಲನೆ.

ರಾಜ್ಯೋತ್ಸವದ ನಾಟಕದ ತಾಲೀಮು ಶುರುವಾದಾಗ ಆ ಹೊಸ ಮೇಷ್ಟ್ರು ನನ್ನ ಬಳಿ ಬಂದರು. "ನಿಮ್ಮ ಮಗಳ ವಾಯ್ಸ್ ತುಂಬಾ ಚೆನ್ನಾಗಿದೆ. ಯಿಶುನ್‌ನಲ್ಲಿರೋ ನಮ್ಮನೆಗೆ ಕಳಿಸಿ, ಅವಳೊಬ್ಬಳಿಗೇ ಸ್ಪೆಷಲ್ ಪ್ರಾಕ್ಟೀಸ್ ಮಾಡಿಸ್ತೀನಿ." ಮಗಳಿಗೆ ಎಂಟು ವರ್ಷ. ನೋಡೋಣ ಎಂದು ಅವಳ ಕೈ ಹಿಡಿದು ಹೊರಟುಬಂದೆ. ಆ ಮನುಷ್ಯನ ಮನಸ್ಸಿನಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ದಾರಿಯೇ ಇರಲಿಲ್ಲವಲ್ಲ, ಅದೇ ನನ್ನ ಸಿಟ್ಟು.

ಅಮೆರಿಕದಲ್ಲಿರುವ ತಂಗಿಗೆ ಫೋನ್ ಮಾಡಿದೆ. ಅಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾದವರು ತಮ್ಮ ವಿಳಾಸವನ್ನು ಪೊಲೀಸರಲ್ಲಿ ನೋಂದಾಯಿಸಬೇಕಂತೆ, ಮನೆ ಬದಲಿಸಿದರೆ ಮತ್ತೆ ತಿಳಿಸಬೇಕಂತೆ. ಅವರಲ್ಲಿ ಅನೇಕರ ಹೆಸರನ್ನು ಯಾರು ಬೇಕಾದರೂ ನೋಡಬಹುದು. ಇಲ್ಲಿ ನಮ್ಮಂಥವರು ತೆರೆದು ನೋಡುವ ಪಟ್ಟಿ ಇಲ್ಲ. "ಪಟ್ಟಿ ಇದ್ರೂ ಅಷ್ಟೇ ಕಣೇ, ಸಿಕ್ಕಿಬಿದ್ದೋರು ಮಾತ್ರ ಅದ್ರಲ್ಲಿರ್ತಾರೆ. ಬಾಗಿಲು ನೀವೇ ಕಾಯ್ಬೇಕು" ಎಂದಳು.

ಮುಂದಿನ ಭಾನುವಾರ ಪೋಷಕರ ಸಭೆಯಲ್ಲಿ ಎದ್ದು ನಿಂತೆ. ಪಾಠ ಹೇಳುವ ಪ್ರತಿಯೊಬ್ಬರೂ ತಮಗೆ ಯಾವ ದೇಶದಲ್ಲೂ ಇಂಥ ಅಪರಾಧಕ್ಕೆ ಶಿಕ್ಷೆಯಾಗಿಲ್ಲ ಎಂದು ನಾನು ತಂದ ಹಾಳೆಗೆ ಸಹಿ ಹಾಕಿಕೊಡಬೇಕು, ಕೋಣೆಯಲ್ಲಿ ಸದಾ ಇಬ್ಬರು ದೊಡ್ಡವರಿರಬೇಕು, ಬಾಗಿಲು ತೆರೆದಿರಬೇಕು, ಯಾವ ಮಗುವೂ ಯಾರ ಮನೆಗೂ ಒಂಟಿಯಾಗಿ ಹೋಗಕೂಡದು ಎಂದೆ.

ಜೇನುಗೂಡಿಗೆ ಕಲ್ಲು ಹೊಡೆದಂತಾಯಿತು. "ಏನಮ್ಮಾ, ನಮ್ಮೋರನ್ನೇ ಅನುಮಾನ ಪಡೋದಾ? ಪಾಪ ಫ್ರೀಯಾಗಿ ಬರ್ತಿದಾರೆ, ಇನ್ಸಲ್ಟ್ ಅಲ್ವಾ?" ಎಂದರು ಹಿರಿಯರು. ಹೊಸ ಮೇಷ್ಟ್ರು ನಗುತ್ತಲೇ ಇದ್ದರು. ನನ್ನ ಗಂಡ ಕಾಫಿ ಲೋಟದೊಳಗೆ ಮುಖ ಹುದುಗಿಸಿದ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋಬೇಕು ಅಂಕಲ್?" ಎಂದುಬಿಟ್ಟೆ. ನನ್ನ ನಾಲಿಗೆ ಯಾವತ್ತೂ ನನ್ನ ಮಾತು ಕೇಳಿದ್ದಿಲ್ಲ.

ಆಗ ಹಿಂದಿನ ಸಾಲಿನಿಂದ ಎದ್ದವಳು ಆ ಹಿರಿಯರ ಮಗಳೇ. ಇಲ್ಲೇ ಹುಟ್ಟಿ ಬೆಳೆದು ಯೂನಿವರ್ಸಿಟಿಯಲ್ಲಿ ಓದುತ್ತಿದ್ದ, ಮಾತಿನ ಕೊನೆಗೆ ಸಿಂಗಪುರದವರಂತೆ ‘ಲಾ’ ಸೇರಿಸುವ ಹುಡುಗಿ. "ಅಪ್ಪಾ, ನಾನು ಟ್ಯೂಷನ್ ಕೊಡೋ ಸೆಂಟರ್‌ನಲ್ಲೂ ಇಂಥದ್ದಕ್ಕೇ ಸೈನ್ ಮಾಡಿಸ್ಕೊಂಡ್ರು. ಯಾರೂ ಇನ್ಸಲ್ಟ್ ಅಂದ್ಕೊಳ್ಳಲ್ಲ ಲಾ." ಅಪ್ಪನ ಕಡೆ ತಿರುಗಿದಳು. "ನಾನು ಚಿಕ್ಕೋಳಿದ್ದಾಗ್ಲೇ ಈ ರೂಲ್ ಇರ್ಬೇಕಿತ್ತು."

ಅಷ್ಟು ಹೇಳಿ ಕೂತಳು. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹಿರಿಯರು ಮಗಳನ್ನೇ ನೋಡುತ್ತ ನಿಂತರು, ಮುಖ ಕಪ್ಪಿಟ್ಟಿತ್ತು. ಕೊನೆಗೆ ಜೇಬಿನಿಂದ ಪೆನ್ನು ತೆಗೆದು, "ಕೊಡಮ್ಮಾ, ಮೊದಲು ನಾನೇ ಸೈನ್ ಹಾಕ್ತೀನಿ" ಎಂದರು.

ಉಳಿದವರೂ ಹಾಕಿದರು. ಹೊಸ ಮೇಷ್ಟ್ರು ಫೋನ್ ಬಂತೆಂದು ಹೊರಗೆ ಹೋದರು, ಮತ್ತೆ ಬರಲಿಲ್ಲ. ಅವರ ಮೇಲೆ ನಾನು ಅಪವಾದ ಹೊರಿಸುವುದಿಲ್ಲ, ಬರಲಿಲ್ಲ, ಅಷ್ಟೇ. ನಾನಂತೂ ಗೆದ್ದಿದ್ದೆ. ಮನೆಗೆ ಹೋಗಿ ತುಪ್ಪ ಸುರಿದು ಕೇಸರಿಬಾತ್ ಮಾಡಿದೆ. ದೊಡ್ಡ ಮನಸ್ಸು ಮಾಡಿ ಗಂಡನಿಗೂ ಕೊಟ್ಟೆ.

ಈಗಲೂ ಹೊಸಬರು ಬಂದರೆ ಹಿರಿಯರು ಯಾವೂರು ಎಂದು ಕೇಳಿಯೇ ಕೇಳುತ್ತಾರೆ, ಆದರೆ ಅದೇ ಉಸಿರಿನಲ್ಲಿ ನಿಯಮಗಳನ್ನೂ ಹೇಳುತ್ತಾರೆ. ಮೊನ್ನೆ ಬುಕಿತ್ ಪಂಜಾಂಗ್‌ನಿಂದ ಒಬ್ಬರು ಕಲಿಸಲು ಬಂದಿದ್ದರು. ಸೆಕೆ ತಾಳದೆ, ಏಸಿಯ ತಂಪು ನಿಲ್ಲಲಿ ಎಂದು ಬಾಗಿಲು ಎಳೆದರು. ನಾನು ಏಳುವಷ್ಟರಲ್ಲಿ ಮಗಳು ಎದ್ದು ಹೋಗಿ ಅದನ್ನು ಪೂರ್ತಿ ತೆರೆದಳು.

"ಅಂಕಲ್, ಡೋರ್ ಓಪನ್ ಇರ್ಬೇಕು. ರೂಲ್ ಲಾ."

"ಸಾರಿ ಪುಟ್ಟಾ" ಎಂದು ಅವರು ಕೈ ತೆಗೆದರು.

ತಂಪೆಲ್ಲ ಕಾರಿಡಾರಿಗೆ ಸೋರಿಹೋಯಿತು. ಅಂದು ತರಗತಿಯ ಕಾವಲಿಗಿದ್ದವರು ನಾನು ಮತ್ತು ಹಿರಿಯರ ಮಗಳು. ತೆರೆದ ಬಾಗಿಲ ಪಕ್ಕ ಬೆವರುತ್ತ ಕೂತು ಇಬ್ಬರೂ ಮನಸಾರೆ ನಕ್ಕೆವು.