ತಲೆಗಿಷ್ಟು ಎಂದ ಮೇಲೆ

ಮನೆಗೆ ಬಂದವರ ಮುಖ ನೋಡಿ ನಗಬೇಕು ಎಂದು ನಮ್ಮವ್ವ ಕಲಿಸಿದ್ದಳು. ನಾನು ಮೊದಲು ಕಾಲು ನೋಡುತ್ತೇನೆ. ಒಂದು ಮುಖ ಇನ್ನೊಂದರ ಹಿಂದೆ ಅಡಗಬಹುದು, ಒಂದು ಮುಖ ಇನ್ನೊಂದರ ಪರವಾಗಿ ಸುಳ್ಳು ಹೇಳಬಹುದು. ಚಪ್ಪಲಿಗೆ ಆ ಜಾಣತನವಿಲ್ಲ. ಅದು ಬಾಗಿಲಲ್ಲಿ ಜೋಡಿಯಾಗಿ ಕೂತು ತನ್ನ ಯಜಮಾನ ಒಳಗಿದ್ದಾನೆಂದು ಇಡೀ ದಿನ ಸಾಕ್ಷಿ ನುಡಿಯುತ್ತದೆ.

ಈ ಕಾಯಿಲೆ ಹತ್ತಿಸಿದ್ದು ನಮ್ಮ ಗದ್ದೆಮನೆ. ಕುಂತೂರಿನಿಂದ ಸ್ವಲ್ಪ ಒಳಗೆ, ಕಬ್ಬಿನ ನಡುವೆ, ಎರಡು ಕೋಣೆ ಮತ್ತು ಒಂದು ಹಜಾರ. ನಾವಿರುವುದು ಊರೊಳಗೆ, ಆ ಮನೆ ಸುಮ್ಮನೆ ಬೀಗ ಹಾಕಿಕೊಂಡು ನಿಂತಿತ್ತು. ಯಳಂದೂರಿನ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರಿಗೂ ಸರಿ, ಕೊಳ್ಳೇಗಾಲ ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ ಹೋಗುವವರಿಗೂ ಸರಿ ಎಂದು ಮೊಬೈಲಿನ ಆಪ್ ಒಂದರಲ್ಲಿ ಅದನ್ನು ಬಾಡಿಗೆಗೆ ಹಾಕಿದೆವು. ನಾಲ್ಕು ಜನಕ್ಕೆ ಇಷ್ಟು, ಅದರ ಮೇಲೆ ಬಂದ ಪ್ರತಿ ತಲೆಗೆ ಇಷ್ಟು. ನಿಯಮ ನನ್ನದು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವಳಿಗೆ ಅಷ್ಟಾದರೂ ಬೇಡವೇ?

ನಮ್ಮ ಮನೆಯವರಿಗೆ ಅದು ಆಗಲೇ ಹಿಡಿಸಿರಲಿಲ್ಲ. "ಉಣ್ಣೋಕೆ ಕೂತೋರ ತಲೆ ಎಣಿಸಬಾರದು ಅಂತಿದ್ಲು ನಮ್ಮಜ್ಜಿ" ಎಂದರು. ನಿಜ. ನಮ್ಮ ಕಡೆ ಪಂಕ್ತಿಯಲ್ಲಿ ಕೂತವರನ್ನು ಬಾಯಿಬಿಟ್ಟು ಎಣಿಸುವುದಿಲ್ಲ, ಮಂದೆಯ ಕುರಿಯನ್ನೂ ಎಣಿಸುವುದಿಲ್ಲ, ದೃಷ್ಟಿಯಾಗುತ್ತದೆ. "ಅವರು ಉಣ್ಣೋಕೆ ಕೂತಿಲ್ಲ, ಮಲಗೋಕೆ ಬಂದಿದ್ದಾರೆ" ಎಂದು ನಾನು ವಾದ ಗೆದ್ದೆ. ಅವರು ಶಾಲೆಯೊಂದರಲ್ಲಿ ಗುಮಾಸ್ತರು. ದಿನವಿಡೀ ಹಾಜರಿ ನೋಡಿದವರಿಗೆ ಮನೆಯಲ್ಲೂ ಹಾಜರಿ ಬೇಡವಾಗಿರಬೇಕು.

ಆಮೇಲೆ ಶುರುವಾಯಿತು ನೋಡಿ ಚೌಕಾಸಿ. ಮಾದಪ್ಪನ ಬೆಟ್ಟಕ್ಕೆ ಹೊರಟವರು "ದೇವರ ದರ್ಶನಕ್ಕೆ ಓಗೋರ ತಾವು ದುಡ್ಡು ಕೇಳ್ತೀರಾ ಕಣವ್ವಾ?" ಎಂದು ದೇವರನ್ನೇ ಜಾಮೀನಿಗೆ ನಿಲ್ಲಿಸುವರು. ಬಿಳಿಗಿರಿರಂಗನ ಬೆಟ್ಟದಿಂದ ಇಳಿದವರು ಹುಲಿ ಕಾಣಲಿಲ್ಲ, ಆದ್ದರಿಂದ ಬಾಡಿಗೆ ಇಳಿಸಿ ಎಂದು ಕೇಳುವರು, ಹುಲಿಯನ್ನು ನಾನೇ ಬಚ್ಚಿಟ್ಟ ಹಾಗೆ. "ಮಗುಗೂ ಚಾರ್ಜಾ?" ಎಂದು ಒಬ್ಬರು ತೋರಿಸಿದ ಮಗುವಿಗೆ ಮೀಸೆ ಬಂದಿತ್ತು. ಇನ್ನೊಬ್ಬರ ಮಾವನವರು ರಾತ್ರಿಯೆಲ್ಲ ನಿದ್ದೆಯನ್ನೇ ಮಾಡುವುದಿಲ್ಲವಂತೆ, ಕುರ್ಚಿಯಲ್ಲಿ ಕೂತೇ ಇರುತ್ತಾರಂತೆ. ಮಲಗದವರಿಗೆ ಮಲಗುವ ಬಾಡಿಗೆ ಯಾವ ನ್ಯಾಯ?

ಹಾಗೆಂದು ನಾನೇನೂ ಸಾಚಾ ಅಲ್ಲ. ಕೊಳ್ಳೇಗಾಲದ ರೇಷ್ಮೆ ಅಂಗಡಿಯಲ್ಲಿ ಒಂದು ಸೀರೆಗೆ ಮೂರು ಸಲ ಮೆಟ್ಟಿಲಿಳಿದು ಮೂರು ಸಲ ಹತ್ತಿದವಳು. ಮೆಟ್ಟಿಲಿಳಿಯುವಾಗ ಬೆನ್ನಿಗೆ ಕಿವಿ ಬರುತ್ತದೆ, ಅಂಗಡಿಯವನು ಕರೆಯುತ್ತಾನೋ ಇಲ್ಲವೋ ಎಂದು. ಆದರೆ ಚೌಕಾಸಿ ಬೇರೆ, ಬಚ್ಚಿಡುವುದು ಬೇರೆ. ಚೌಕಾಸಿಯಲ್ಲಿ ಇಬ್ಬರೂ ವಸ್ತುವನ್ನು ನಡುವೆ ಇಟ್ಟುಕೊಂಡು ಜಗಳವಾಡುತ್ತಾರೆ. ಬಚ್ಚಿಡುವುದರಲ್ಲಿ ಎದುರಿನವನು ನಗುತ್ತಾನೆ, ವಸ್ತು ಕಾಣೆಯಾಗಿರುತ್ತದೆ.

ಹಿಂದೆ ಯಾವುದೋ ದೇಶದಲ್ಲಿ ಮನೆಯ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದರಂತೆ. ಜನ ಕಿಟಕಿಗೆ ಇಟ್ಟಿಗೆ ಕಟ್ಟಿ ಕತ್ತಲಲ್ಲಿ ಕೂತರಂತೆ. ಕಾಲೇಜಿನಲ್ಲಿ ಇದನ್ನು ಓದಿ ಪರೀಕ್ಷೆಯಲ್ಲೂ ಬರೆದಿದ್ದೆ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂಬ ನಿಯಮ ಈರುಳ್ಳಿಗೆ ಸರಿ. ತಲೆಗೆ ಬೆಲೆ ಕಟ್ಟಿದರೆ ತಲೆಗಳು ಇಳಿಯುವುದಿಲ್ಲ, ಬಗ್ಗುತ್ತವೆ. ಕಾರಿನ ಹಿಂದಿನ ಸೀಟಿನಲ್ಲಿ, ಕಂಬಳಿಯ ಕೆಳಗೆ, ಬಾತ್ರೂಮಿನಲ್ಲಿ. ಒಮ್ಮೆ ನೀರಿನ ತೊಟ್ಟಿಯ ಹಿಂದೆ ಕೂತಿದ್ದ ಹೆಂಗಸೊಬ್ಬಳು ನನ್ನನ್ನು ಕಂಡು "ಸುಮ್ನೆ ಗಾಳಿಗೆ ಕೂತಿದ್ದೆ" ಎಂದಳು. ಒದ್ದೆ ಟವೆಲು, ಎಂಜಲು ಲೋಟ, ಬೇಗ ಬರಿದಾಗುವ ಟ್ಯಾಂಕು, ಎಲ್ಲವೂ ನನಗೆ ಪುರಾವೆಯಾದವು. "ನೀನು ಪೊಲೀಸ್ ಇಲಾಖೆಗೆ ಸೇರ್ಬೇಕಿತ್ತು" ಎಂದರು ಮನೆಯವರು. ನಾನದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ, ಆದರೆ ಈಗಲೂ ಒಗ್ಗರಣೆಯಲ್ಲಿ ಸಾಸಿವೆ ಸಿಡಿದರೆ ಎದೆ ಹಾರುತ್ತದೆ. ಅದರ ಕಾರಣ ಹೇಳದೆ ಈ ಮಾತು ಮುಗಿಯುವುದಿಲ್ಲ.

ಕಳೆದ ಚಳಿಗಾಲ. ಮೈಸೂರಿನ ಕಡೆಯ ನಾಗೇಶ ಎಂಬಾತ ಫೋನಿನಲ್ಲಿ ಮೂರು ದಿನ ಚೌಕಾಸಿ ಮಾಡಿ ಮನೆ ಗೊತ್ತುಮಾಡಿದ. ಮಾತಿಗೊಮ್ಮೆ ಅಕ್ಕ. ಮಾತಿಗೊಮ್ಮೆ ಅಕ್ಕ ಎನ್ನುವವರನ್ನು ಕಂಡರೆ ನಾನು ಪರ್ಸನ್ನು ಇನ್ನೊಂದು ಕೈಗೆ ಬದಲಾಯಿಸುತ್ತೇನೆ. ಬಿಸಿಲು ಇಳಿಯುವ ಹೊತ್ತಿಗೆ ದೊಡ್ಡ ಗಾಡಿ ಬಂತು. ಇಳಿದವರು ನಾಗೇಶ, ಅವನ ಹೆಂಡತಿ, ಇಬ್ಬರು ಗೆಳೆಯರು.

"ನಾಲ್ಕೇ ಜನ ಕಣಕ್ಕ, ಬೇಕಾದ್ರೆ ಎಣಿಸ್ಕೊಳಿ."

ಎಣಿಸಿಕೊಳ್ಳಿ ಎಂದು ಯಾರಾದರೂ ತಾವಾಗಿ ಹೇಳಿದರೆ ಎಣಿಸಲು ಬೇರೆಲ್ಲೋ ಇದೆ ಎಂದರ್ಥ. ಬೀಗದ ಕೈ ಕೊಟ್ಟೆ, ಆದರೆ ಹೊರಡಲಿಲ್ಲ. ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಗಾಡಿಯ ಸುತ್ತ ಒಂದು ಸುತ್ತು ಬಂದೆ. ಹಿಂದಿನ ಸೀಟಿನ ಮೇಲೆ ಎಲೆಅಡಿಕೆಯ ಚೀಲವಿತ್ತು. ಬಾಯಿ ಬಿಟ್ಟ ಚೀಲ, ಹಸಿ ಎಲೆ, ಸುಣ್ಣದ ಡಬ್ಬಿ. ಬಂದ ನಾಲ್ವರ ಹಲ್ಲೂ ಜಾಹೀರಾತಿನ ಹಲ್ಲಿನ ಹಾಗೆ ಬಿಳಿ. ಹಾಗಾದರೆ ಎಲೆ ಹಾಕುವ ಬಾಯಿ ಎಲ್ಲಿ?

ನನಗಾದ ಸಂತೋಷವನ್ನು ಏನೆಂದು ಹೇಳಲಿ.

ಅದೇ ಹೊತ್ತಿಗೆ ಮನೆಯ ಹಿಂದಿನ ಗದ್ದೆಯಿಂದ ತಗಡು ಬಡಿಯುವ ಸದ್ದು ಬರುತ್ತಿತ್ತು. ಆ ಗದ್ದೆ ಪಕ್ಕದ ಶಿವಮಲ್ಲಪ್ಪನವರದು. ಅವತ್ತು ಅವರ ಕಬ್ಬಿನ ತರಗು ಸುಡುವ ದಿನ. ಕಡಿಯುವ ಆಳು ಸಿಗುವುದೇ ಕಷ್ಟ, ಒಣಗರಿ ಕೈ ಕೊಯ್ಯುತ್ತದೆ, ಹಾವಿನ ಭಯ ಬೇರೆ. ಅದಕ್ಕೆ ಕಟಾವಿಗೆ ಮುಂಚೆ ನಿಂತ ಬೆಳೆಗೇ ಬೆಂಕಿ ಇಡುತ್ತಾರೆ. ಗರಿ ಉರಿದು ಹೋಗುತ್ತದೆ, ಜಲ್ಲೆ ಉಳಿಯುತ್ತದೆ. ಬೆಂಕಿ ಇಡುವ ಮೊದಲು ಶಿವಮಲ್ಲಪ್ಪನವರು ತಗಡು ಬಡಿಯುತ್ತ ಗದ್ದೆಯನ್ನು ಸುತ್ತುತ್ತಾರೆ. "ಒಳಗೆ ಅವುಸ್ಕಂಡಿರೋರೆಲ್ಲ ಎದ್ದೋಗ್ರಪ್ಪೋ, ನಮ್ ಮ್ಯಾಲೆ ಪಾಪ ಆಕ್ಬೇಡಿ" ಎಂದು ಕೂಗುತ್ತಾರೆ. ಇದು ಮೊಲಕ್ಕೆ, ಹಾವಿಗೆ, ಹಕ್ಕಿಗೆ ಹೇಳುವ ಮಾತು. ಆಗ ಬೆಂಕಿ ಎಂಬ ಪದವನ್ನು ಮಾತ್ರ ಆಡುವುದಿಲ್ಲ. ಆಡಿದರೆ ಅದು ಮಾತು ಕೇಳುವುದಿಲ್ಲವಂತೆ.

ಈ ಕೂಗು ನನಗೆ ಪ್ರತಿ ವರ್ಷದ ಕೂಗು. ಕಿಟಕಿ ಮುಚ್ಚಿಕೊಳ್ಳಿ, ಮಸಿ ಬರುತ್ತೆ ಎಂದು ಬಂದವರಿಗೆ ಹೇಳಬೇಕಿತ್ತು. ಮೊದಲು ಆ ಬಾಯಿ ಸಿಗಲಿ ಎಂದುಕೊಂಡು ಹಿತ್ತಿಲಿಗೆ ಹೋದೆ. ಕಳ್ಳರನ್ನು ಹಿಡಿದಾಗ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಂದಿಸುತ್ತಿದ್ದೆ. ಬೇಲಿ ದಾಟಿದರೆ ಬದುವಿನ ಮೇಲೆ ಹುಲ್ಲು ತುಳಿದುಹೋಗಿತ್ತು, ಕಬ್ಬಿನ ಗರಿ ಎರಡು ಕಡೆಗೆ ಸರಿದಿತ್ತು, ಅಗಿದು ಉಗಿದ ಹಸಿ ಸಿಪ್ಪೆ ಬಿದ್ದಿತ್ತು. ಸಿಕ್ಕಿದರು ಎಂದುಕೊಂಡೆ.

ತಲೆಯೆತ್ತಿದರೆ ಗದ್ದೆಯ ಆ ತುದಿಯಲ್ಲಿ ಹೊಗೆ.

ಆ ಕ್ಷಣ ನನ್ನೊಳಗೆ ಎರಡು ಲೆಕ್ಕ ಡಿಕ್ಕಿ ಹೊಡೆದವು. ತಲೆಗಳು ಅಡಗಿದ್ದ ಗದ್ದೆ, ಇವತ್ತು ಸುಡುವ ಗದ್ದೆ, ಎರಡೂ ಒಂದೇ. ಆ ಕಡೆ ಹಚ್ಚಿ ಮುಗಿಸಿದ ಶಿವಮಲ್ಲಪ್ಪನವರು ಉರಿಯುವ ಪಂಜು ಹಿಡಿದು ನಮ್ಮ ಕಡೆಯ ಬದುವಿನ ಮೇಲೆ ಬರುತ್ತಿದ್ದರು, ಹಿಂದೆ ಮಚ್ಚು ಹಿಡಿದ ಆಳುಗಳು.

"ಹಚ್ಚಬೇಡಿ, ಒಳಗೆ ಜನ ಇದ್ದಾರೆ" ಎಂದು ಕೂಗಿದೆ.

"ಯಾವ ಜನ್ವವ್ವ? ಈಗ್ತಾನೆ ಕೂಗಾಕಂಡು ಬಂದಿವ್ನಿ, ಒಂದ್ ಇಲೀನೂ ಅಲ್ಲಾಡ್ನಿಲ್ಲ" ಎಂದರು. ಆದರೂ ಪಂಜನ್ನು ಕಾಲುವೆಯ ನೀರಿಗೆ ಅದ್ದಿದರು. ಈ ಕಡೆಯ ಬೆಂಕಿ ತಪ್ಪಿತು. ಆ ಕಡೆಯದು ತಾನಾಗಿ ಬರುತ್ತಿತ್ತು.

ಕೂಗು ಕೇಳಿ ನಾಗೇಶ ಓಡಿ ಬಂದ. "ಒಳಗೆ ಎಷ್ಟು ಜನ?" ಎಂದೆ.

"ನಾಲ್ಕೇ ಜನ ಅಕ್ಕ" ಎಂದ. ಬಾಯಿಗೆ ಅಷ್ಟು ರೂಢಿಯಾಗಿಬಿಟ್ಟಿತ್ತು. ಆಮೇಲೆ ಹೊಗೆ ನೋಡಿದ. "ಮೂರು ಜನ ಒಳಗವ್ರೆ. ನಮ್ಮತ್ತೆ, ನಾದಿನಿ, ಷಡ್ಡಕ." ಮನೆಯ ಒಡತಿ ಹೊರಟ ಮೇಲೆ ಬನ್ನಿ, ಅಲ್ಲಿಯವರೆಗೆ ಯಾರು ಕರೆದರೂ ಅಲ್ಲಾಡಬೇಡಿ ಎಂದು ಅವನೇ ಅವರನ್ನು ದಾರಿಯಲ್ಲೇ ಇಳಿಸಿ ಕಬ್ಬಿನೊಳಗೆ ಕೂರಿಸಿದ್ದ. ಷಡ್ಡಕನಿಗೆ ಫೋನು ಹಚ್ಚಿದ. ಆ ಫೋನು ಗಾಡಿಯೊಳಗೇ ರಿಂಗಾಯಿತು.

ನಾನು ಕಬ್ಬಿಗೆ ಬಾಯಿ ಕೊಟ್ಟು ಕರೆದೆ. "ಈಚೆ ಬನ್ನಿ, ಎಲ್ಲರೂ ಈಚೆ ಬನ್ನಿ." ಯಾರೂ ಬರಲಿಲ್ಲ. ನಾಗೇಶ ಕೂಗುವುದನ್ನು ಬಿಟ್ಟು ನಾದಿನಿಯ ನಂಬರು ಒತ್ತುತ್ತಿದ್ದ. ಕಬ್ಬು ಉರಿಯುವಾಗ ಗೆಣ್ಣುಗಳು ಪಟಪಟನೆ ಸಿಡಿಯುತ್ತವೆ. ಆ ಸದ್ದು ಹತ್ತಿರವಾಗುತ್ತಿತ್ತು. ಮತ್ತೆ ಕರೆದೆ, ಒಂದು ಗರಿಯೂ ಅಲ್ಲಾಡಲಿಲ್ಲ. ಆಗ ಹೊಳೆಯಿತು, ಅವರು ಅಡಗಿ ಕೂತಿರುವುದು ನನ್ನ ದನಿಗೇ. ತಗಡು ಬಡಿದವರನ್ನೂ ಅವರು ನನ್ನ ಕಡೆಯ ಆಳು ಎಂದುಕೊಂಡು ಇನ್ನಷ್ಟು ಒಳಕ್ಕೆ ಸರಿದಿದ್ದರಂತೆ. ಹೊಗೆ ಮೂಗಿಗೆ ಬಂದಾಗ, ಎಲ್ಲೋ ಕಸ ಸುಡ್ತಾವ್ರೆ ಎಂದುಕೊಂಡರಂತೆ. ಇದೆಲ್ಲ ಆಮೇಲೆ ತಿಳಿದದ್ದು. ಆಗ ನನ್ನ ಬಾಯಿಂದ ಬಂದದ್ದು, ಈ ಕಸುಬು ಹಿಡಿದಂದಿನಿಂದ ನಾನು ಯಾರಿಗೂ ಹೇಳದಿದ್ದ ಮಾತು.

"ದುಡ್ಡು ಬೇಡ. ಎಕ್ಸ್‌ಟ್ರಾ ಚಾರ್ಜ್ ಇಲ್ಲ. ಬೆಂಕಿ ಬಿದ್ದಿದೆ, ಬನ್ನಿ."

ಕಬ್ಬು ಅಲ್ಲಾಡಿತು. ಮೊದಲು ನಾದಿನಿ ಬಂದಳು, ಕೈಯಲ್ಲಿ ಅರ್ಧ ತಿಂದ ಜಲ್ಲೆ. ಹಿಂದೆ ಷಡ್ಡಕ. ಅತ್ತೆ ಇಲ್ಲ. ಮಂಡಿನೋವಿನ ಹೆಂಗಸು, ಕೂತವರು ತಕ್ಷಣ ಏಳಲಾರರು. ಷಡ್ಡಕ ತಿರುಗಿ ನುಗ್ಗಿದ. ಶಿವಮಲ್ಲಪ್ಪನವರ ಆಳುಗಳು ಮಚ್ಚು ಬೀಸಿ ದಾರಿ ಬಿಡಿಸುತ್ತ ಹಿಂದೆಯೇ ಹೋದರು. "ಅಮ್ಮೋ, ಎತ್ಲಾಗಿದ್ದೀ, ಕೂಗಾಕವ್ವ" ಎನ್ನುವ ದನಿಗಳು ಸಿಡಿಯುವ ಸದ್ದಿನೊಳಗೆ ಮುಳುಗಿದವು. ಎಷ್ಟು ಹೊತ್ತು ಎಂದು ನನ್ನನ್ನು ಕೇಳಬೇಡಿ. ಎಲ್ಲವನ್ನೂ ಎಣಿಸುವ ನಾನು ಅದೊಂದನ್ನು ಎಣಿಸಲಿಲ್ಲ.

ಇಬ್ಬರ ಹೆಗಲ ಮೇಲೆ ಕೈ ಹಾಕಿ ಆಕೆ ಹೊರಬಂದರು. ಸೀರೆಯ ತುಂಬ ಮಸಿ, ಮುಂಗೈಯಲ್ಲಿ ಗರಿ ಕೊಯ್ದ ಗೀರುಗಳು. ಬದುವಿನ ಮೇಲೆ ಕೂತು ಕೆಮ್ಮಿದರು, ನಾನು ಕೊಟ್ಟ ನೀರು ಕುಡಿದರು, ಅಳಿಯನನ್ನು ಕಂಡರು.

"ಉಳೀತಾ ಅಳಿಯಂದ್ರೆ, ದುಡ್ಡು?"

ನಾಗೇಶ ಅವರ ಕಾಲ ಬಳಿ ಕೂತು ಅತ್ತ. ಶಿವಮಲ್ಲಪ್ಪನವರು ತಲೆಯ ಟವೆಲು ಬಿಚ್ಚಿ ಮುಖ ಒರೆಸಿಕೊಂಡು, "ನಾ ಕೂಗಿದ್ದು ಮೊಲುಕ್ಕೆ ಕಣ್ರಿ. ಮನುಸ್ರೂ ಅವುಸ್ಕತಾರೆ ಅಂತ ಯಾರ್ಗೊತ್ತು" ಎಂದರು.

ಅಂದಿನಿಂದ ನಾನು ಇದನ್ನು ಎರಡು ಕಡೆಯಿಂದ ಕೂಡಿಸಿ ನೋಡುತ್ತಿದ್ದೇನೆ. ತಲೆಗಿಷ್ಟು ಎಂದಿರದಿದ್ದರೆ ಆ ಅಮ್ಮ ನೇರವಾಗಿ ಹಜಾರಕ್ಕೆ ಬಂದು ಎಲೆ ಹಾಕಿಕೊಂಡು ಕೂರುತ್ತಿದ್ದರು. ತಲೆಗಿಷ್ಟು ಎಂದಮೇಲೆ ನನಗೆ ಅನುಮಾನವೂ ಇರದಿದ್ದರೆ, ನಾನು ಬೀಗದ ಕೈ ಕೊಟ್ಟು ಮನೆಗೆ ಹೋಗಿ ಕಾಫಿ ಕುಡಿಯುತ್ತಿದ್ದೆ. ಅಪಾಯ ತಂದದ್ದೂ ಎಣಿಕೆಯೇ, ತಪ್ಪಿಸಿದ್ದೂ ಎಣಿಕೆಯೇ. ಹೀಗೆ ಬಂದ ಉತ್ತರವನ್ನು ಯಾವ ಪರೀಕ್ಷೆಯಲ್ಲಿ ಬರೆದರೂ ಅಂಕ ಸಿಗಲಾರದು. ಆ ಅನುಮಾನ ಪುಣ್ಯದ್ದೆಂದು ನಮ್ಮ ಮನೆಯವರು ಸಮಾಧಾನ ಹೇಳುತ್ತಾರೆ. ಹಿತ್ತಿಲಿಗೆ ಹೋಗುವಾಗ ನನ್ನ ತಲೆಯಲ್ಲಿದ್ದದ್ದು ಪುಣ್ಯವಲ್ಲ ಎಂದು ನನಗೆ ಗೊತ್ತು.

ತಲೆಯ ಲೆಕ್ಕ ತೆಗೆದುಹಾಕಿದೆ. ಈಗ ಇಡೀ ಮನೆಗೆ ಒಂದೇ ಬಾಡಿಗೆ. ಇದರಿಂದ ಅನುಮಾನ ಕಡಿಮೆಯಾಗಲಿಲ್ಲ, ಜಾಗ ಬದಲಾಯಿಸಿತು. ಈಗ ಜನರಿಗೆ ನನ್ನ ಮೇಲೆ ಅನುಮಾನ. ಎಷ್ಟು ಜನ ಬಂದರೂ ಒಂದೇ ರೇಟು ಎಂದರೆ ಒಳಗೆ ಏನೋ ಇರಬೇಕು, ನೀರಿಗೆ ಬೇರೆ ಕೇಳುತ್ತಾಳೋ, ಫ್ಯಾನಿಗೆ ಬೇರೆ ಕೇಳುತ್ತಾಳೋ. ಮೊನ್ನೆ ಒಬ್ಬರು ಫೋನು ಮಾಡಿ ರೇಟು ಕೇಳಿದರು. ಆಮೇಲೆ, "ಹಂಗಾದ್ರೆ ನಾವು ಇಬ್ರೇ ಬರ್ತೀವಿ ಮೇಡಂ, ಅರ್ಧ ತಗೊಳಿ" ಎಂದರು.

"ಅರ್ಧ ಆಗಲ್ಲ. ಆದರೆ ನಿಜವಾಗಿ ಎಷ್ಟು ಜನ ಹೇಳಿ, ನನಗೆ ಗೊತ್ತಿರಬೇಕು."

ಆ ಕಡೆ ಯಾರೊಂದಿಗೋ ಪಿಸುಮಾತು ನಡೆಯಿತು. "ನಿಜ ಹೇಳಿದ್ರೆ ಎಷ್ಟು ಕಮ್ಮಿ ಮಾಡ್ತೀರಾ?"

ಜೀವಮಾನದಲ್ಲಿ ನನ್ನೊಂದಿಗೆ ಯಾರೂ ಇಷ್ಟು ನ್ಯಾಯವಾದ ಚೌಕಾಸಿ ಮಾಡಿರಲಿಲ್ಲ. ನೂರು ರೂಪಾಯಿ ಇಳಿಸಿದೆ.