ಅರದಪ್ಪನ ಕೊನೆಯ ಪರೀಕ್ಷೆ

ನಮ್ಮ ಮನೆಯವರು ಬಂದೂಕು ರಿಪೇರಿ ಮಾಡುವವರು. ಲೋಹ ಉಜ್ಜುವ ಅರ ಹಿಡಿದು ಕೂತರೆಂದರೆ ಲೋಕವೇ ಬೇಡ. ಅದಕ್ಕೇ ಜನ ಅವರನ್ನು ಬೆನ್ನ ಹಿಂದೆ ಅರದಪ್ಪ ಎನ್ನುತ್ತಾರೆ. ನಾನು ಮಾತ್ರ ಎದುರಿಗೇ ಎನ್ನುತ್ತೇನೆ, ಸಿಟ್ಟು ಬಂದಾಗ. ಸಿಟ್ಟು ನನಗೆ ದಿನಾ ಬರುತ್ತದೆ.

ಬರದೆ ಇನ್ನೇನು? ಊಟದ ಮೇಜಿನ ಮೇಲೆ ಸ್ಪ್ರಿಂಗು, ಕಿಟಕಿಯಲ್ಲಿ ಎಣ್ಣೆಬಟ್ಟೆ. ನನ್ನ ಹಲ್ಲುಜ್ಜುವ ಬ್ರಶ್ಶು ಕಾಣೆಯಾಯಿತೆಂದರೆ ಅದು ಯಾವುದೋ ಪಿಸ್ತೂಲಿನ ಹೊಟ್ಟೆ ತೊಳೆಯುತ್ತಿದೆ ಎಂದೇ ಅರ್ಥ. ಕೇಳಿದರೆ, "ಹೊಸದು ತಂದ್ಕೊಡ್ತೀನಿ ಬಿಡೇ" ಎನ್ನುತ್ತಾರೆ. ತಂದಿದ್ದು ನಾನು ಕಂಡಿಲ್ಲ.

ಅವರದ್ದೊಂದು ಕಟ್ಟಳೆ ಇದೆ. ಎಂಥ ಪಿಸ್ತೂಲನ್ನೇ ಸರಿಮಾಡಲಿ, ನಾನು ಹಾರಿಸಿ ನೋಡದೆ ಅದು ಗಿರಾಕಿಯ ಕೈ ಸೇರುವಂತಿಲ್ಲ. ತಾನೇ ತುಂಬಿಕೊಳ್ಳುವ ಈ ಬಗೆಯ ಪಿಸ್ತೂಲಿನಲ್ಲಿ ಒಂದು ಗುಂಡು ಹಾರಿದಾಗ ಮೇಲಿನ ಸ್ಲೈಡು ಹಿಂದಕ್ಕೆ ಜಾರಿ ಖಾಲಿ ಚಿಪ್ಪನ್ನು ಆಚೆ ಎಸೆಯುತ್ತದೆ, ಸ್ಪ್ರಿಂಗಿನ ಬಲಕ್ಕೆ ಮುಂದೆ ಬರುತ್ತಾ ಇನ್ನೊಂದು ಗುಂಡನ್ನು ಒಳಗೆ ತಳ್ಳುತ್ತದೆ. ಹಿಡಿದ ಕೈ ಸಡಿಲವಾದರೆ ಸ್ಲೈಡು ಅರ್ಧಕ್ಕೇ ನಿಂತು ಎಲ್ಲ ಸಿಕ್ಕಿಕೊಳ್ಳುತ್ತದೆ. ಮದುವೆಯಾದ ಹೊಸತರಲ್ಲಿ ನಾನು ಮೊದಲ ಗುಂಡು ಹಾರಿಸಿದಾಗ ಮಣಿಕಟ್ಟು ಬಾಳೆದಿಂಡಿನ ಹಾಗೆ ಬಾಗಿತ್ತು. ಇವರು ನಗಲಿಲ್ಲ. ಕಣ್ಣರಳಿಸಿ, "ಇಂಥ ಕೈಯೇ ಬೇಕಾಗಿತ್ತು ಕಣೇ! ಇಷ್ಟು ಸಡಿಲ ಕೈಲಿ ಓಡಿದ್ರೆ ಯಾರ ಕೈಲಾದ್ರೂ ಓಡುತ್ತೆ" ಅಂದರು. ಹೊಸ ಹೆಂಡತಿಗೆ ಹೇಳುವ ಮಾತೇ ಅದು? ಆದರೂ ಅಂದಿನಿಂದ ಶೂಟಿಂಗ್ ಕ್ಲಬ್ಬಿನ ಮೈದಾನದಲ್ಲಿ ನಾನೇ ಕೊನೆಯ ಪರೀಕ್ಷೆ.

ಒಂದು ದಿನ ಮಧ್ಯಾಹ್ನ ಬಸ್ಸಿನ ಕಂಡಕ್ಟರ್ ಹುಡುಗಿಯೊಬ್ಬಳು ಬಂದಳು. ಖಾಕಿ ಅಂಗಿಯಲ್ಲೇ, ಪಿಸ್ತೂಲಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು. ನನ್ನನ್ನು ಅಕ್ಕಾ ಅಂದಳು, ಆಮೇಲೆ ಇವರು ತಾವಾಗಿಯೇ ಭಾವ ಆದರು.

"ಭಾವಾ, ಹೋದ ಎರಡು ಪಂದ್ಯದಲ್ಲೂ ನಡುವೆ ಸಿಕ್ಕಾಕ್ಕೊಂಡು ನಿಂತೋಯ್ತು. ನಾಳೆ ಆಯ್ಕೆ ಪಂದ್ಯ. ಇನ್ನೊಂದ್ಸಲ ನಿಂತ್ರೆ ತಂಡದಿಂದ ಕಿತ್ತಾಕ್ತೀವಿ ಅಂತ ತರಬೇತುದಾರರು ಹೇಳ್ಬಿಟ್ಟಿದಾರೆ. ಎಷ್ಟು ವರ್ಷ ಕಾದಿದೀನಿ ಗೊತ್ತಾ!"

ಅವಳ ಕಣ್ಣಲ್ಲಿ ನೀರಿತ್ತು, ಇವರ ಕಣ್ಣಲ್ಲಿ ಹಬ್ಬ. ಕೆಟ್ಟ ಪಿಸ್ತೂಲು ಕಂಡರೆ ಈ ಮನುಷ್ಯನಿಗೆ ಅಷ್ಟು ಖುಷಿ! ಲೈಸೆನ್ಸು ನೋಡಿ, ಬಿಚ್ಚಿ, ಬೆಳಕಿಗೆ ಹಿಡಿದು, "ಆಹಾ, ನೋಡೇ ಇಲ್ಲಿ" ಎಂದು ನನ್ನನ್ನು ಕರೆದರು. ಗುಂಡು ಒಳಗೆ ಏರುವ ದಾರಿ ಒರಟಾಗಿತ್ತು, ಚಿಪ್ಪು ಎಳೆಯುವ ಕೊಕ್ಕೆ ಸವೆದಿತ್ತು. ದಾರಿಯನ್ನು ಕನ್ನಡಿಯಾಗುವವರೆಗೆ ಉಜ್ಜಿದರು, ಕೊಕ್ಕೆ ಬದಲಿಸಿದರು, ಗುಂಡು ತುಂಬುವ ಮ್ಯಾಗಜಿನ್ನಿಗೆ ಹೊಸ ಸ್ಪ್ರಿಂಗು ಹಾಕಿದರು. ಸಂಜೆಗೆ ಮೂವರೂ ಮೈದಾನಕ್ಕೆ ಹೋದೆವು.

ನಾನು ಹಾರಿಸಿದೆ. ಒಂದಾದ ಮೇಲೊಂದು ಟಪಟಪನೆ ಓಡಿತು, ಎಲ್ಲೂ ತಡವರಿಸಲಿಲ್ಲ. ಇವರು ಮೀಸೆ ಸವರಿಕೊಂಡು, "ತಗೋಮ್ಮ, ಇನ್ನು ಕಣ್ಮುಚ್ಕೊಂಡು ಹೋಗು" ಅಂದರು. ನಾನು, "ಕಣ್ಮುಚ್ಕೊಂಡ್ರೆ ಗುರಿ ಎಲ್ಲಿ ಹಿಡೀತಾಳೆ?" ಅಂದೆ. ಮೂವರೂ ನಕ್ಕೆವು.

ಕಂಡಕ್ಟರ್ ಹಾರಿಸಿದಳು. ಮೂರನೆಯ ಗುಂಡಿಗೆ ಪಿಸ್ತೂಲು ಬಾಯಿ ಕಚ್ಚಿಕೊಂಡು ನಿಂತಿತು.

ಸಿಕ್ಕಿದ್ದನ್ನು ಬಿಡಿಸಿ ಇನ್ನೊಮ್ಮೆ ಹಾರಿಸಿದಳು. ಮತ್ತೆ ಅದೇ ಕತೆ. ಇವರ ಮುಖ ಕಪ್ಪಿಟ್ಟಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಿಸ್ತೂಲು ಸರಿಯಾಗೇ ಇದೆ. ನಿನ್ ಕೈಯೇ ಸರಿ ಇಲ್ಲ" ಎಂದುಬಿಟ್ಟರು.

ಹುಡುಗಿ ಬಲಗೈಯನ್ನು ಎಡಗೈಯಿಂದ ಒತ್ತಿಕೊಂಡಳು. ಬೆಳಗಿನಿಂದ ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿದು, ಟಿಕೆಟ್ ಮಷಿನ್ನು ಒತ್ತಿ ಒತ್ತಿ ಮಣಿಕಟ್ಟು ಸೋತಿತ್ತು. ನನಗೆ ನಖಶಿಖಾಂತ ಉರಿಯಿತು.

"ರೀ ಅರದಪ್ಪನವರೇ! ಸೋತ ಕೈಲಿ ಓಡ್ಲಿ ಅಂತ ತಾನೇ ನನ್ನ ಇಲ್ಲಿ ನಿಲ್ಸೋದು? ನನ್ನ ಕೈಲಿ ಓಡಿದ್ದು ಅವಳ ಕೈಲಿ ಯಾಕೆ ಓಡಲ್ಲ? ಅವಳು ನನಗಿಂತ ಸಡಿಲಾನಾ?"

ಇವರು ಬಂದು ನನ್ನ ಮಣಿಕಟ್ಟು ಹಿಡಿದು, ಅದುಮಿ, ತಿರುಗಿಸಿ ನೋಡಿದರು. ವೈದ್ಯರು ಕೂಡ ನನ್ನನ್ನು ಅಷ್ಟು ಹೊತ್ತು ನೋಡಿಲ್ಲ.

"ಇದು ಯಾವಾಗ ಹಿಂಗಾಯ್ತೇ? ಕಬ್ಬಿಣ ಆಗಿದೆಯಲ್ಲೇ!"

ನಾನೂ ನೋಡಿಕೊಂಡೆ. ಹೌದಲ್ಲ! ಇಷ್ಟು ವರ್ಷ ಊರವರ ಪಿಸ್ತೂಲುಗಳನ್ನೆಲ್ಲ ಹಾರಿಸಿದ ಕೈ. ಪಕ್ಕದ ಮನೆಯವರು ತೆರೆಯಲಾಗದ ಡಬ್ಬಿ ಹಿಡಿದು ನನ್ನ ಹತ್ತಿರವೇ ಬರುತ್ತಿದ್ದರು, ನಾನು ತೆಗೆದುಕೊಟ್ಟು ಬಾಯಿಗೆ ಬಂದಂತೆ ಹರಟುತ್ತಿದ್ದೆ. ಒಂದು ದಿನವೂ ಯೋಚಿಸಲಿಲ್ಲ. ಇವರಂತೂ ಗುಂಡು ಓಡುತ್ತದೋ ಇಲ್ಲವೋ ಅಷ್ಟನ್ನೇ ನೋಡಿದರು, ನನ್ನ ಕೈ ನೋಡಲಿಲ್ಲ. ದೀಪದ ಬುಡದಲ್ಲೇ ಕತ್ತಲು.

"ಎಡಗೈ!" ಎಂದು ಕೂಗಿದೆ. "ಎಡಗೈ ಇನ್ನೂ ದಂಡಪಿಂಡವೇ. ಕೊಡಿ ಇಲ್ಲಿ!"

ಎಡಗೈಯಲ್ಲಿ ಹಾರಿಸಿದೆ. ಎರಡನೆಯದಕ್ಕೇ ಸಿಕ್ಕಿಕೊಂಡಿತು. ಅಬ್ಬಾ, ಅದು ಸಿಕ್ಕಿಕೊಂಡಾಗ ನಾವು ಕುಣಿದದ್ದು! ಕಂಡಕ್ಟರ್ ನನ್ನನ್ನು ತಬ್ಬಿಕೊಂಡಳು. ಇವರು ಆಗಲೇ ಪಿಸ್ತೂಲು ಬಿಚ್ಚಿ ಕೂತಿದ್ದರು. "ಸ್ಲೈಡಿನ ಸ್ಪ್ರಿಂಗು ಈ ಗುಂಡಿಗೆ ಬಿಗಿ ಜಾಸ್ತಿ. ನಿನ್ ಕೈ ಗಟ್ಟಿ ಅಂತ ಓಡ್ಬಿಟ್ಟಿತ್ತು" ಎಂದು ಗೊಣಗುತ್ತಾ ತಮ್ಮ ಡಬ್ಬಿಯಿಂದ ಒಂದೊಂದೇ ಸ್ಪ್ರಿಂಗು ಹಾಕಿ ಕೊಟ್ಟರು, ನಾನು ಎಡಗೈಯಲ್ಲಿ ಹಾರಿಸಿದೆ. ಒಂದು ಸರಿಹೋಗಲಿಲ್ಲ, ಇನ್ನೊಂದೂ ಸರಿಹೋಗಲಿಲ್ಲ. ಅದರ ಮುಂದಿನದು ಹಾಕಿದಾಗ ಚಿಪ್ಪುಗಳು ಒಂದರ ಹಿಂದೊಂದು ಚಿಮ್ಮಿ ಬಿದ್ದವು. ಕಂಡಕ್ಟರ್ ಹಾರಿಸಿದಳು, ಅವಳಿಗೂ ಓಡಿತು. ಇವರು ಅವಳ ಎದುರು ನಿಂತು, "ತಪ್ಪಾಯ್ತಮ್ಮ. ನಿನ್ ಕೈಯಲ್ಲ, ನನ್ ಪರೀಕ್ಷೆನೇ ಕೆಟ್ಟೋಗಿತ್ತು" ಅಂದರು. ಆ ಬಾಯಿಂದ ತಪ್ಪಾಯ್ತು ಅನ್ನುವ ಮಾತು ಬಂದದ್ದನ್ನು ನಾನು ಅವತ್ತೇ ಕೇಳಿದ್ದು.

ಮರುದಿನ ಅದೇ ಮೈದಾನದಲ್ಲಿ ಪಂದ್ಯ. ಅವಳು ಬೆಳಗಿನ ಪಾಳಿ ಮುಗಿಸಿ ಓಡಿಬಂದಳು. ಐದು ಗುಂಡಿಗೆ ಹತ್ತೇ ಸೆಕೆಂಡಿನ ಸುತ್ತು. ಅವಳು ಕೈ ಎತ್ತಿದಳು. ಇವರು ಗುರಿಫಲಕದ ಕಡೆ ನೋಡಲೇ ಇಲ್ಲ, ಸ್ಲೈಡನ್ನೇ ನೋಡುತ್ತಾ ತುಟಿ ಅಲ್ಲಾಡಿಸುತ್ತಿದ್ದರು. ಒಂದು. ಎರಡು. ಮೂರು. ನಾಲ್ಕು. ಐದು! ನಿಲ್ಲಲಿಲ್ಲ! ಉಳಿದ ಸುತ್ತುಗಳಲ್ಲೂ ನಿಲ್ಲಲಿಲ್ಲ. ಆಯ್ಕೆಯಾದವರ ಹೆಸರು ಕೂಗಿದಾಗ ಅವಳದ್ದು ಕಟ್ಟಕಡೆಯದು, ಆದರೆ ಇತ್ತು. ನಾನು ಹಾಕಿದ ಕೂಗಿಗೆ ತೀರ್ಪುಗಾರರೇ ತಿರುಗಿ ನೋಡಿದರು.

ಕಂಡಕ್ಟರನ್ನು ಅವಳ ಗೆಳತಿಯರು ಎತ್ತಿ ಕುಣಿಸುತ್ತಿದ್ದರು. ಇವರು ಆಗಲೇ ಸಾಮಾನಿನ ಚೀಲ ಕಟ್ಟುತ್ತಿದ್ದರು, ಮನೆಗೆ ಹೋಗಿ ಇನ್ನೊಂದು ಪಿಸ್ತೂಲು ಬಿಚ್ಚುವ ಆತುರ. ನಾನು ಗುಂಡು ಹಾರಿಸುವವರು ನಿಲ್ಲುವ, ಈಗ ಖಾಲಿಯಾದ ಜಾಗವನ್ನೂ ದೂರದ ಗುರಿಫಲಕವನ್ನೂ ನೋಡಿದೆ. ಇಷ್ಟು ವರ್ಷ ಅಲ್ಲಿ ನಿಂತು ಒಂದು ಸಲವೂ ಗುರಿ ಹಿಡಿದಿರಲಿಲ್ಲ. ಓಡಿದರೆ ಸಾಕಿತ್ತು, ಎಲ್ಲಿ ಬಿತ್ತು ಅಂತ ಯಾರೂ ಕೇಳಿರಲಿಲ್ಲ.

"ರೀ," ಅಂದೆ. "ನನಗೊಂದು ಪಿಸ್ತೂಲು ಬೇಕು. ನಂದೇ ಆಗಿರೋದು."

ಗಲಾಟೆಯಲ್ಲಿ ಕೇಳಿಸಲಿಲ್ಲವೇನೋ ಅಂದುಕೊಂಡೆ. ಇವರು ಕಟ್ಟಿದ್ದ ಚೀಲವನ್ನು ಮತ್ತೆ ಬಿಚ್ಚಿ, ಅಳತೆ ಪಟ್ಟಿ ತೆಗೆದು, ಅಲ್ಲೇ ಮೆಟ್ಟಿಲ ಮೇಲೆ ಕೂತರು.

"ಬಲಗೈ ಚಾಚು," ಅಂದರು. "ಪಿಸ್ತೂಲಿನ ಹಿಡಿ ನಿನ್ನ ಅಂಗೈಗೆ ಸರಿಯಾಗಿ ಕೂರ್ಬೇಕು."

ನಾನು ಕೈ ಚಾಚಿದೆ.