ವಾಟರ್ಲೂ ದಿಬ್ಬದ ಮೇಲೆ ಬೆಳಕೆಯ ಜಗಳ

ಕೊರೋನಾ ಮುಗಿದು ವಿಮಾನಗಳು ಮತ್ತೆ ಹಾರತೊಡಗಿದ ಎರಡನೆಯ ಬೇಸಿಗೆ ಅದು. ನಾನಾಗ ಒಂದು ಪ್ರವಾಸ ಕಂಪನಿಯಲ್ಲಿ ಟೂರ್ ಮ್ಯಾನೇಜರ್. ಹಾಗೆಂದರೆ ಇತಿಹಾಸ ಹೇಳುವ ಗೈಡ್ ಅಲ್ಲ. ಊರಿನಿಂದ ಜನರನ್ನು ಕರೆದೊಯ್ದು, ಹೊತ್ತಿಗೆ ಸರಿಯಾಗಿ ಊಟ ಹಾಕಿಸಿ, ಪಾಸ್‌ಪೋರ್ಟ್ ಕಳೆದುಕೊಂಡವರಿಗೆ ಧೈರ್ಯ ಹೇಳಿ, ಹೋದಷ್ಟೇ ಜನರನ್ನು ತಿರುಗಿ ತಂದು ಬಿಡುವವನು. ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಗುಂಪುಗಳೆಲ್ಲ ನನ್ನ ಪಾಲಿಗೇ ಬರುತ್ತಿದ್ದವು. ಪ್ಯಾರಿಸ್ಸಿನಲ್ಲಿ ಕುಚ್ಚಲಕ್ಕಿ ಗಂಜಿ ಸಿಗಲಿಲ್ಲವೆಂದು ಮುನಿಸಿಕೊಂಡವರನ್ನು ಸಮಾಧಾನಪಡಿಸಲು ನಮ್ಮ ಕಡೆಯವನೇ ಬೇಕು.

ಆ ಸಲದ ಯುರೋಪ್ ಗುಂಪಿನಲ್ಲಿ ಕುಮಟಾದ ಶಂಭು ಮಾಸ್ತರು ಇದ್ದರು. ನಿವೃತ್ತ ಹೈಸ್ಕೂಲು ಮಾಸ್ತರು, ತಾಳಮದ್ದಳೆಯ ದೊಡ್ಡ ಅರ್ಥಧಾರಿ. ಬೇಕಿದ್ದರೆ ಆ ಗುಂಪನ್ನು ಸಹೋದ್ಯೋಗಿಗೆ ದಾಟಿಸಬಹುದಿತ್ತು. ದಾಟಿಸಲಿಲ್ಲ. ಬನ್ನಿ ಮಾಸ್ತರೇ, ಬನ್ನಿ ಎಂದುಕೊಂಡೆ.

ಕಾರಣ ಹೇಳಬೇಕು. ನನ್ನ ಅಪ್ಪ ದುರ್ಗಪ್ಪ ಭಟ್ಕಳ ಹತ್ತಿರದ ಬೆಳಕೆ ಊರಿನವರು. ಸಮುದ್ರದಲ್ಲಿ ಬಲೆ ಎಳೆದು ನಮ್ಮನ್ನು ಸಾಕಿದರು. ಬಲೆ ಬಿಟ್ಟರೆ ಅವರ ಜೀವ ಇದ್ದದ್ದು ತಾಳಮದ್ದಳೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಪಾತ್ರವಾಗಿ ವಾದಿಸುತ್ತಾರೆ, ಅದಕ್ಕೇ ಅರ್ಥ ಹೇಳುವುದು ಎನ್ನುತ್ತಾರೆ. ಬರೆದಿಟ್ಟ ಮಾತು ಒಂದೂ ಇರುವುದಿಲ್ಲ, ಬಾಯಿಗೆ ಬಂದದ್ದೇ ಮಾತು. ಪಾತ್ರವನ್ನು ಎಷ್ಟು ಬೇಕಾದರೂ ಬಯ್ಯಬಹುದು, ಆದರೆ ಎದುರಿಗೆ ಕೂತ ಮನುಷ್ಯನ ಹೊಟ್ಟೆಪಾಡನ್ನು ಎಳೆದು ತರಬಾರದು. ಇದನ್ನು ಯಾರೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊನ್ನಾವರದಲ್ಲಿ ಒಂದು ತಾಳಮದ್ದಳೆ ಕೂಟ ನಡೆಯಿತು. ಮಾಸ್ತರದು ರಾಜನ ಪಾತ್ರ, ಅಪ್ಪನದು ಓಲೆ ಹಿಡಿದು ಸಂಧಾನಕ್ಕೆ ಬಂದ ದೂತನ ಪಾತ್ರ. ಅಪ್ಪ ಒಂದು ಒಳ್ಳೆಯ ಮಾತು ಹೇಳಿ ಸಭೆಯಿಂದ ಚಪ್ಪಾಳೆ ಗಿಟ್ಟಿಸಿದರು. ಮಾಸ್ತರಿಗೆ ತಡೆಯಲಾಗಲಿಲ್ಲ. "ಎಲೈ ದೂತನೇ, ನಿನ್ನ ದೊರೆಗೆ ಬೇರೆ ಜನವೇ ಸಿಗಲಿಲ್ಲವೇ? ಬಲೆ ಎಳೆಯುವ ಕೈಗೆ ಓಲೆ ಕೊಟ್ಟು ಕಳಿಸಿದನೇ?" ಎಂದರು. ಸಭೆಗೆ ಸಭೆಯೇ ನಕ್ಕಿತು. ಅಪ್ಪ ತಲೆ ತಗ್ಗಿಸಿ ಕೂತರು. ಅದಾದ ಮೇಲೆ ಇಪ್ಪತ್ತು ವರ್ಷ ಯಾವ ಕೂಟದಲ್ಲೂ ಅವರು ಕೂರಲಿಲ್ಲ. ಕರೆಯಲು ಬಂದವರಿಗೆ ಚಾ ಕೊಟ್ಟು ಕಳಿಸುತ್ತಿದ್ದರು. ಅಪ್ಪ ಒಳಗೇ ಮುರಿದುಹೋದರು ಎಂದು ನಾನು ತಿಳಿದೆ. ತಾಳಿದವನು ಬಾಳಿಯಾನು ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ತಾಳಿದವನು ತೀರಿಸಿಯಾನು.

ಮೊದಲು ಸಣ್ಣಪುಟ್ಟದ್ದು ತೀರಿಸಿದೆ. ಬಸ್ಸಿನಲ್ಲಿ ಸೀಟ್ ರೊಟೇಷನ್ ಎಂಬ ಪದ್ಧತಿಯಿದೆ. ಮುಂದಿನ ಸೀಟಿಗಾಗಿ ಜಗಳವಾಗದಂತೆ ದಿನಾ ಎಲ್ಲರ ಜಾಗ ಬದಲಿಸುವುದು. ಅತಿ ದೂರದ ಪ್ರಯಾಣದ ದಿನ ಮಾಸ್ತರಿಗೆ ಹಿಂದಿನ ಚಕ್ರದ ಮೇಲಿನ ಸೀಟು ಬರುವಂತೆ ನೋಡಿಕೊಂಡೆ. ಹೋಟೆಲಿನಲ್ಲಿ ರಾತ್ರಿಯಿಡೀ ಸದ್ದು ಮಾಡುವ ಲಿಫ್ಟಿನ ಪಕ್ಕದ ಕೋಣೆ ಕೊಡಿಸಿದೆ. ಅವರು ಗೊಣಗಲೇ ಇಲ್ಲ, ಅದರಿಂದ ನನಗೆ ಇನ್ನೂ ಸಿಟ್ಟು ಬಂತು.

ಐದಾರು ದಿನಗಳ ನಂತರ ಬ್ರಸೆಲ್ಸ್ ಹತ್ತಿರದ ವಾಟರ್ಲೂಗೆ ಹೋದೆವು. 1815ರ ಜೂನ್‌ನಲ್ಲಿ ನೆಪೋಲಿಯನ್ ಕೊನೆಯ ಸಲ ಸೋತ ಜಾಗ. ನೋಡಲು ಎಂತದೂ ಇಲ್ಲ, ಸುತ್ತಲೂ ಗೋಧಿ ಮತ್ತು ಬಟಾಟೆಯ ಗದ್ದೆಗಳು. ನಡುವೆ ಮಣ್ಣು ಪೇರಿಸಿ ಮಾಡಿದ ಎತ್ತರದ ದಿಬ್ಬ, ತುದಿಯಲ್ಲಿ ಕಬ್ಬಿಣದ ಸಿಂಹ. ಇಲ್ಲಿ ಗೆದ್ದ ವೆಲ್ಲಿಂಗ್ಟನ್ ಹಿಂದೆ ಶ್ರೀರಂಗಪಟ್ಟಣದ ಕಾಳಗದಲ್ಲೂ ಇದ್ದವನು ಎಂದು ಗೈಡ್ ಹೇಳಿದಾಗ ಮಾತ್ರ ನಮ್ಮವರು ಫೋನು ಕೆಳಗಿಳಿಸಿ ಕೇಳಿದರು. ಯುದ್ಧದ ಹಿಂದಿನ ರಾತ್ರಿಯ ಮಳೆಗೆ ನೆಲ ಕೆಸರಾಗಿ ನೆಪೋಲಿಯನ್ ದಾಳಿಯನ್ನು ತಡಮಾಡಬೇಕಾಯಿತಂತೆ.

ಎಲ್ಲರೂ ದಿಬ್ಬ ಹತ್ತಿ ಉಸಿರು ಬಿಡುತ್ತಿದ್ದಾಗ ಹೊನ್ನಾವರದ ಬಟ್ಟೆ ಅಂಗಡಿಯ ಸುಮಿತ್ರಕ್ಕ ಮಾಸ್ತರ ಹತ್ತಿರ ಹೋದರು. "ಮಾಸ್ತರೇ, ಇಷ್ಟ್ ದೂರ ಬಂದು ಬರೀ ಫೋಟೋ ತೆಗ್ದು ಹೋಗುದಾ? ನಾಲ್ಕ್ ಮಾತು ಅರ್ಥ ಹೇಳಿ, ನಾನು ವಿಡಿಯೋ ಮಾಡ್ತೆ."

ಮಾಸ್ತರು ಶಾಲು ಸರಿಮಾಡಿಕೊಂಡರು. "ನಾನು ನೆಪೋಲಿಯನ್. ಸೋತರೂ ಚಕ್ರವರ್ತಿ ಚಕ್ರವರ್ತಿಯೇ. ಎದುರಿಗೆ ಯಾರು?"

ಯಾರೂ ಮುಂದೆ ಬರಲಿಲ್ಲ. ನಾನು ಗುಂಪಿನ ಬಾವುಟವನ್ನು ಪಕ್ಕದವರಿಗೆ ಕೊಟ್ಟು, ವೆಲ್ಲಿಂಗ್ಟನ್ನನ ದೂತನಾಗುತ್ತೇನೆ ಎಂದೆ.

"ನೀನಾ? ಬಾವುಟ ಹಿಡ್ದಷ್ಟು ಸುಲಭ ಅಲ್ಲ ಮಾರಾಯಾ ಇದು" ಎಂದು ಮಾಸ್ತರು ನಕ್ಕರು.

ಒಪ್ಪಬೇಕು, ಮನುಷ್ಯ ಮಾತಿನಲ್ಲಿ ಅಸಾಧ್ಯ. "ದೂತನೇ, ನನ್ನನ್ನು ಸೋಲಿಸಿದ್ದು ನಿನ್ನ ದೊರೆಯಲ್ಲ, ಈ ಮಣ್ಣಿನ ಕೆಸರು. ಹೋಗಿ ಆ ಕೆಸರಿಗೆ ಕಪ್ಪ ಒಪ್ಪಿಸಲು ಹೇಳು" ಎಂದಾಗ ಅಪರಿಚಿತ ಪ್ರವಾಸಿಗರೂ ನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವ ತನಕ ಕಾದೆ. ಆಮೇಲೆ ಹೇಳಿದೆ. "ಚಕ್ರವರ್ತಿಗಳೇ, ಜೀವಮಾನವಿಡೀ ನೀವು ಎದುರು ಮಾತಾಡದ ಮಕ್ಕಳ ಮುಂದೆ ಗುಡುಗಿದವರು. ಬೆತ್ತ ಹಿಡಿಯುವ ಕೈಗೆ ಖಡ್ಗ ಕೊಟ್ಟವರು ಯಾರು?"

ಗುಂಪಿನ ಅರ್ಧ ಜನ ಗೊಳ್ಳೆಂದು ನಕ್ಕರು. ಮಾಸ್ತರ ಮುಖ ಕಪ್ಪಿಟ್ಟಿತು. ನನ್ನನ್ನೇ ದಿಟ್ಟಿಸಿ, "ನೀನು ಬೆಳಕೆ ದುರ್ಗಪ್ಪನ ಮಗನನಾ?" ಎಂದರು. ಹೌದೆಂದೆ. ಅವರು ಕಂಬಿ ಹಿಡಿದು ಒಬ್ಬರೇ ಮೆಟ್ಟಿಲಿಳಿದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆ ದಿನದ ಸಪ್ಪೆ ಸೂಪು ಕೂಡ ರುಚಿಯೆನಿಸಿತು.

ಮರುದಿನ ಬೆಳಿಗ್ಗೆ ಅಪ್ಪನಿಗೆ ಫೋನು ಮಾಡಿದೆ. ಸುಮಿತ್ರಕ್ಕನ ವಿಡಿಯೋ ನನಗಿಂತ ಮೊದಲೇ ಬೆಳಕೆ ತಲುಪಿತ್ತು.

"ನೋಡ್ದೆ" ಎಂದರು ಅಪ್ಪ.

"ಹೆಂಗಿತ್ತು?"

"ನಾನ್ ಸತ್ತೋಗಿದ್ನನಾ?"

ನನಗೆ ಅರ್ಥವಾಗಲಿಲ್ಲ. ಅಪ್ಪನ ದನಿ ಏರಿತು. "ಇಪ್ಪತ್ತು ವರ್ಷದಿಂದ ಅವನ ಮಾತಿಗೆ ಉತ್ತರ ಇಟ್ಕಂಡ್ ಕೂತಿದ್ದೆ. ಬಲೆ ಹೆಣಿತಾ ದಿನಾ ಹೇಳ್ಕಂತಿದ್ದೆ. ಕರಿಯೂಕೆ ಬಂದವ್ರಿಗೆಲ್ಲ ಹೇಳ್ದೆ, ಕೂತ್ರೆ ಅವನ ಎದ್ರಿಗೇ ಕೂರುದು ಅಂತ. ಅಂವ ಒಪ್ಪಲಿಲ್ಲ. ಈಗ ನೀ ಹೋಗಿ ನನ್ನ ಜಗಳ ಆಡಿ ಬಂದ್ಯಾ? ಅದೂ ಎಂತ ಮಾತು? ಅಂವ ಹೊಟ್ಟೆಪಾಡು ಎತ್ತಿದ, ನೀನೂ ಅದ್ನೇ ಎತ್ತಿದೆ. ಅವನಷ್ಟೇ ಆದೆ."

ಕೊನೆಗೆ ಅಪ್ಪ ಎಂದರು. "ಕೂಟಕ್ಕೆ ಬಾ ಅಂತ ಅವನಿಗೆ ಹೇಳು. ಅದೇ ಪ್ರಸಂಗ, ಅವೇ ಪಾತ್ರ."

ಹೀಗೆ ನಾನು ನಿಜಕ್ಕೂ ದೂತನಾದೆ. ಮಾಸ್ತರು ಹೋಟೆಲಿನ ತಿಂಡಿ ಕೋಣೆಯಲ್ಲಿ ಒಬ್ಬರೇ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಕಂಪನಿಗೆ ದೂರು ಕೊಟ್ಟಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಅವರು ಕೊಟ್ಟಿರಲಿಲ್ಲ. ವಿಷಯ ಹೇಳಿದೆ.

"ದುರ್ಗಪ್ಪ ಗಟ್ಟಿ ಇದ್ದಾನನಾ?"

"ಇದ್ದಾರೆ. ನಿಮಗಾಗಿಯೇ ಇದ್ದಾರೆ."

ಮಾಸ್ತರು ಚಾಕು ಕೆಳಗಿಟ್ಟರು. "ಆತು. ಬತ್ತೆ ಅಂತ ಹೇಳು."

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಹೊನ್ನಾವರದ ಸಭಾಭವನದಲ್ಲಿ ಕೂಟ. ಕಾಲಿಡಲು ಜಾಗವಿರಲಿಲ್ಲ. ಇಬ್ಬರಿಗೂ ಎಪ್ಪತ್ತೈದು ದಾಟಿತ್ತು. ಮಾತು ಬಿಸಿಯೇರುತ್ತಾ ಹೋಗಿ ಆ ಜಾಗಕ್ಕೆ ಬಂದಾಗ ಮಾಸ್ತರು ಒಂದು ಕ್ಷಣ ತಡೆದು, ಹಳೆಯ ಮಾತನ್ನೇ ಅಕ್ಷರ ತಪ್ಪದೆ ಹೇಳಿದರು. "ಬಲೆ ಎಳೆಯುವ ಕೈಗೆ ಓಲೆ ಕೊಟ್ಟು ಕಳಿಸಿದನೇ?" ಅದು ಸೊಕ್ಕೋ, ಬೇಕೆಂದೇ ಕೊಟ್ಟ ಅವಕಾಶವೋ, ಇವತ್ತಿಗೂ ನನಗೆ ತಿಳಿಯದು. ಈ ಸಲ ಯಾರೂ ನಗಲಿಲ್ಲ.

ಅಪ್ಪ ತಲೆ ಎತ್ತಿದರು. "ಹೌದು ಪ್ರಭೂ. ಹುಡುಕಿ ಹುಡುಕಿ ಬಲೆ ಎಳೆಯುವವನನ್ನೇ ನನ್ನ ದೊರೆ ಕಳಿಸಿದ. ದೊಡ್ಡ ಮೀನು ಬಿದ್ದ ಕೂಡಲೇ ಎಳೆದರೆ ಬಲೆ ಹರಿಯುತ್ತದೆ. ಅದು ಒದ್ದಾಡಿ ದಣಿಯುವ ತನಕ ಕಾಯಬೇಕು. ಆ ತಾಳ್ಮೆ ನಿಮ್ಮ ಆಸ್ಥಾನದಲ್ಲಿ ಯಾರಿಗೂ ಇಲ್ಲ. ನಾನು ಕಾದಿದ್ದೇನೆ. ಈಗ ಎಳೆಯುತ್ತೇನೆ."

ಸಭೆ ಎದ್ದು ನಿಂತಿತು. ಮಾಸ್ತರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಭಾಗವತರು ಮುಂದಿನ ಪದ ಎತ್ತಿಕೊಂಡು ಅವರನ್ನು ಪಾರುಮಾಡಿದರು.

ಬೇರೆಯವರ ಚೀಲ ನೀವು ಹೊರಬೇಡಿ, ಒಳಗೆ ಏನಿದೆಯೋ ಗೊತ್ತಿರುವುದಿಲ್ಲ ಎಂದು ವಿಮಾನ ನಿಲ್ದಾಣಗಳಲ್ಲಿ ವರ್ಷಗಟ್ಟಲೆ ಪ್ರಯಾಣಿಕರಿಗೆ ಹೇಳಿದವನು ನಾನು. ಸೇಡಿಗೂ ಅದೇ ನಿಯಮ. ಅಪ್ಪನ ಚೀಲವನ್ನು ಬಿಚ್ಚಿಯೂ ನೋಡದೆ ವಾಟರ್ಲೂ ತನಕ ಹೊತ್ತುಕೊಂಡು ಹೋಗಿದ್ದೆ. ಅದನ್ನು ಚೀಲದ ಯಜಮಾನನೇ ಇಳಿಸಬೇಕು.

ಬೆಳಕೆಗೆ ವಾಪಸು ಬರುವಾಗ ಕಾರಿನಲ್ಲಿ ಅಪ್ಪನ ಕಡೆ ತಿರುಗಿ, ಇನ್ನಾದರೂ ನೆಮ್ಮದಿಯಾಯಿತಲ್ಲ ಎಂದೆ.

"ಎಂತ ನೆಮ್ಮದಿ? ಭಾಗವತ್ರು ಪದ ಎತ್ತೇಬಿಟ್ರು. ಇನ್ನೂ ಎರಡು ಮಾತು ಉಳ್ದಿತ್ತು ನನ್ ಹತ್ರ" ಎಂದರು.